ಹುಡುಕಿಕೊಂಡ ಗಂಟು

ಊರಿಗೆಲ್ಲ ಬುದ್ಧಿ ಹೇಳುವವಳ ಮಾತು ಮನೆಯಲ್ಲಿ ಮೂರು ಕಾಸಿಗೂ ಬಾಳುವುದಿಲ್ಲ. ಹಿತ್ತಲ ಗಿಡ ಮದ್ದಲ್ಲ ಎಂದು ಹಿರಿಯರು ಸುಮ್ಮನೆ ಹೇಳಿದರೇ? ಅವಳ ಕೆಲಸವೇ ಅದು. ಕಾಯಿಲೆಯ ಸುಳಿವೇ ಇಲ್ಲದವರನ್ನು ಪರೀಕ್ಷೆ ಮಾಡಿದರೆ ಎಷ್ಟು ಜನಕ್ಕೆ ಒಳ್ಳೆಯದಾಗುತ್ತದೆ, ಎಷ್ಟು ಜನ ವಿನಾಕಾರಣ ಕತ್ತರಿಗೆ ಕತ್ತು ಕೊಡುತ್ತಾರೆ ಎಂದು ಹತ್ತಾರು ದೇಶಗಳ ಸಂಶೋಧನೆಗಳನ್ನು ಮುಂದಿಟ್ಟುಕೊಂಡು ತಾಳೆ ನೋಡುವುದು. ಎಲ್ಲರ ಬಿಪಿ ನೋಡಿಸಿ ಎಂದು ಸರ್ಕಾರಕ್ಕೆ ಬರೆದುಕೊಟ್ಟವರಲ್ಲಿ ಅವಳೂ ಒಬ್ಬಳು. ಏನೂ ತೊಂದರೆಯಿಲ್ಲದವರಿಗೆ ಥೈರಾಯ್ಡ್ ಸ್ಕ್ಯಾನ್ ಮಾತ್ರ ಬೇಡ ಎಂದು ಬರೆದವಳೂ ಅವಳೇ.

ಗಂಡ ತರಕಾರಿ ಮಂಡಿಯಲ್ಲಿ ಹರಾಜು ಕೂಗುವವನು. ಮೈಕು ಮುಟ್ಟಿದವನಲ್ಲ. ಈರುಳ್ಳಿ ಮೂಟೆಯ ಮೇಲೆ ನಿಂತು ಬೆಲೆ ಕೂಗಿದರೆ ರಸ್ತೆಯಾಚೆ ಲಾರಿಯಲ್ಲಿ ಮಲಗಿದ್ದ ಡ್ರೈವರ್ ಎದ್ದು ಕೂರುತ್ತಿದ್ದ. ಮಂಡಿಯವರೆಲ್ಲ ಕಹಳೆಯಣ್ಣ ಎನ್ನುತ್ತಿದ್ದರು. ವ್ಯಾಪಾರಿಗಳು ಬಾಯಿ ಬಿಡದಿದ್ದರೆ ಮೊದಲ ಬೆಲೆ ತಾನೇ ಕೂಗಿ ಹರಾಜಿಗೆ ಚಾಲನೆ ಕೊಡುವುದು ಅವನ ರೂಢಿ.

ಆ ರೂಢಿಯೇ ಮುಳುವಾಯಿತು. ಮಂಡಿಯ ಸಂಘದವರು ಉಚಿತವಾಗಿ ಥೈರಾಯ್ಡ್ ಸ್ಕ್ಯಾನ್ ಮಾಡುವ ಶಿಬಿರ ಇಟ್ಟು, ಜನರನ್ನು ಕರೆಯಲು ಇವನನ್ನು ನಿಲ್ಲಿಸಿದರು. ಗಂಟಲು ಹರಿಯುವಂತೆ ಕೂಗಿದರೂ ಒಂದು ನರಪಿಳ್ಳೆಯೂ ಮುಂದೆ ಬರಲಿಲ್ಲ. "ಏನ್ರಪ್ಪ ಹೆದರ್ತೀರಾ? ನೋಡಿ, ಮೊದಲು ನಂದೇ" ಎಂದು ಅಂಗಿಯ ಗುಂಡಿ ಬಿಚ್ಚಿ ಮಲಗಿಯೇಬಿಟ್ಟ ಪುಣ್ಯಾತ್ಮ. ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡ ಹಾಗಾಯಿತು. ಬಟಾಣಿಗಿಂತ ಚಿಕ್ಕ ಗಂಟು ಕಂಡಿತು. ಸೂಜಿ ಹಾಕಿ ನೋಡಿದರೆ ಕ್ಯಾನ್ಸರ್.

ಡಾಕ್ಟರು ಎರಡು ದಾರಿ ಹೇಳಿದರು. ತೆಗೆಸಬಹುದು, ಇಲ್ಲವೇ ಆರು ತಿಂಗಳಿಗೊಮ್ಮೆ ನೋಡಿಸುತ್ತ ಹಾಗೇ ಬಿಡಬಹುದು. ಧ್ವನಿಯ ನರ ಪಕ್ಕದಲ್ಲೇ ಹಾಯುತ್ತದೆ ಎಂಬುದನ್ನೂ ಮುಚ್ಚಿಡಲಿಲ್ಲ.

"ಬಿಟ್ಬಿಡಿ ರೀ," ಎಂದಳು ಅವಳು. "ಇಷ್ಟು ಚಿಕ್ಕದು ಎಷ್ಟೋ ಜನರ ಕತ್ತಲ್ಲಿರುತ್ತೆ. ಅದಿದೆ ಅಂತ ಗೊತ್ತೇ ಆಗದೆ ಬದುಕಿ, ವಯಸ್ಸಾಗಿ, ಬೇರೆ ಯಾವುದಕ್ಕೋ ಸಾಯ್ತಾರೆ."

"ಮನೇಲಿ ಹಾವಿದೆ ಅಂತ ಗೊತ್ತಾದ್ಮೇಲೆ, ಕಚ್ಚಲ್ಲ ಬಿಡು ಅಂತ ನಿದ್ದೆ ಮಾಡ್ತೀಯೇನೇ?"

"ಎಲ್ಲ ಹಾವಿಗೂ ವಿಷ ಇರಲ್ಲ."

"ಇದಕ್ಕಿಲ್ಲ ಅಂತ ಬರೆದುಕೊಡು, ಸುಮ್ನಿರ್ತೀನಿ."

ಬರೆದುಕೊಡಲು ಅವಳಿಂದಾಗಲಿಲ್ಲ. ಅತ್ತೆ ಅತ್ತರು, ಮಂಡಿಯವರು ಮನೆಗೇ ಬಂದು ಧೈರ್ಯ ತುಂಬಿದರು. ಹೇಳಿ ಹೇಳಿ ಅವಳ ಬಾಯಿ ನೋಯಿತೇ ಹೊರತು ಕೋಣನ ಮುಂದೆ ಕಿನ್ನರಿ ಬಾರಿಸಿದ್ದಷ್ಟೇ ಬಂತು. ಸಿಟ್ಟಿಗೆ ಎರಡು ದಿನ ಅವನ ಜೊತೆ ಮಾತೇ ಆಡಲಿಲ್ಲ.

ಆಪರೇಷನ್ ಆಯಿತು, ಗಂಟು ಹೋಯಿತು. ಜೊತೆಗೆ ದನಿಯೂ ಹೋಯಿತು. ಬರುತ್ತೆ ಬರುತ್ತೆ ಎನ್ನುತ್ತ ವರ್ಷ ಕಳೆದರೂ ಬಾಯಿಂದ ಬರುವುದು ಬರೀ ಗಾಳಿ. ಹರಾಜು ಕೂಗಲು ಬೇರೆಯವರು ಬಂದರು, ಇವನು ಗೇಟಿನಲ್ಲಿ ಕೂತು ಲಾರಿಗಳಿಗೆ ಚೀಟಿ ಹರಿಯತೊಡಗಿದ. ಅಷ್ಟಾದರೂ ಬಂದವರ ಕಿವಿಯ ಹತ್ತಿರ ಬಗ್ಗಿ ಹೇಳುವುದೊಂದೇ: "ಬೇಗ ಸಿಕ್ತು, ಜೀವ ಉಳೀತು. ನೀವೂ ಮಾಡಿಸ್ಕೊಳ್ಳಿ." ಕೇಳಿದಾಗಲೆಲ್ಲ ಅವಳಿಗೆ ಮೈ ಉರಿಯುತ್ತಿತ್ತು. ಆದರೆ ಅಲ್ಲ ಎನ್ನುವುದು ಹೇಗೆ? ಜೀವ ಉಳಿಯಿತು ಎಂಬ ಸಮಾಧಾನವೂ ಹೋದರೆ ಅವನಿಗೆ ಇನ್ನೇನು ಉಳಿಯುತ್ತದೆ? ಅದಕ್ಕೇ ನುಂಗಿಕೊಂಡಿದ್ದಳು.

ಮೊನ್ನೆ ನಾದಿನಿ ಊಟಕ್ಕೆ ಬಂದಿದ್ದಳು. "ಅತ್ತಿಗೆ, ನಾಳೆ ಶಿಬಿರದಲ್ಲಿ ನಾನೂ ಸ್ಕ್ಯಾನ್ ಮಾಡಿಸ್ತೀನಿ. ಅಣ್ಣ ಬಿಡ್ತಾನೇ ಇಲ್ಲ."

ಗಂಡ ಹೌದೆಂದು ತಲೆಯಾಡಿಸಿದ. ಸುಮ್ಮನಿದ್ದರೆ ಇವಳ ಕತ್ತಿಗೆ ಬರುತ್ತದೆ, ಬಾಯಿಬಿಟ್ಟರೆ ಅವನ ಎದೆಗೆ. ಎಂಥ ಇಕ್ಕಟ್ಟಿಗೆ ತಂದಿಟ್ಟರಪ್ಪ ಎಂದು ಇಬ್ಬರ ಮೇಲೂ ರೇಗಿತು.

"ಕತ್ತಲ್ಲಿ ಏನಾದ್ರೂ ಕೈಗೆ ಸಿಗುತ್ತಾ? ನುಂಗೋಕೆ ಕಷ್ಟ ಆಗುತ್ತಾ?"

"ಏನೂ ಇಲ್ಲ ಅತ್ತಿಗೆ."

"ಮನೇಲಿ ಅಣ್ಣಂಗೆ ಬಂತು ಅಂತ ಭಯ ಇದ್ರೆ ಡಾಕ್ಟರ ಹತ್ರ ಹೋಗಿ ಮಾತಾಡು. ಸುಮ್ಸುಮ್ನೆ ಶಿಬಿರಕ್ಕೆ ಹೋಗಿ ಮಲಗಬೇಡ."

ಗಂಡ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಬಿಟ್ಟ. "ಹಾಗಾದ್ರೆ ನಂದು?"

ಒಂದು ಸುಳ್ಳು ಹೇಳಿದ್ದರೆ ಊಟ ಮುಗಿಯುತ್ತಿತ್ತು. "ನಿಮ್ಮದು ಗೊತ್ತಿಲ್ಲ ರೀ," ಎಂದಳು. "ತೆಗೆದಾಯ್ತಲ್ಲ, ಇನ್ನು ಯಾರಿಗೂ ಗೊತ್ತಾಗಲ್ಲ."

ಅವನು ಏನೋ ಅಂದ. ಫ್ಯಾನಿನ ಸದ್ದಿನಲ್ಲಿ ಇಬ್ಬರಿಗೂ ಕೇಳಿಸಲಿಲ್ಲ.