ಕೋಟಿ ಸಲ ಬಗ್ಗಬೇಕಾದ ತಂತಿ

ಬೆಳಕು ಹರಿಯುವ ಮುಂಚೆಯೇ ಪರೀಕ್ಷಾ ಕೊಠಡಿಯ ಬಾಗಿಲು ತೆರೆಯುವವರು ತಂತಿಯಮ್ಮ. ಕಾರ್ಖಾನೆಯಲ್ಲಿ ಅವರ ನಿಜವಾದ ಹೆಸರು ಯಾರ ನಾಲಿಗೆಗೂ ಬರುವುದಿಲ್ಲ. ಬ್ಯಾಗು ಕೆಳಗಿಡದೆ ನೇರವಾಗಿ ಯಂತ್ರದ ಬಳಿ ಹೋಗುತ್ತಾರೆ. ಮೈಬಿಸಿಯಷ್ಟು ಕಾಯಿಸಿಟ್ಟ ನೀರಿನಲ್ಲಿ, ಹೊಲಿಗೆ ದಾರದಷ್ಟು ಸಣ್ಣ ತಂತಿಯೊಂದು ಸೆಕೆಂಡಿಗೆ ನಾಲ್ಕು ಸಲ ಬಗ್ಗಿ ನೆಟ್ಟಗಾಗುತ್ತಿದೆ. ಎಣಿಕೆ ಇಪ್ಪತ್ತೆಂಟು ಲಕ್ಷ ದಾಟಿದೆ.

"ಇನ್ನೂ ಇದೆ," ಎಂದು ಉಸಿರು ಬಿಡುತ್ತಾರೆ.

ನಿಕ್ಕಲ್, ಟೈಟಾನಿಯಂ ಬೆರೆತ ಈ ತಂತಿಯಿಂದ ಹೆಣೆದ ಸ್ಟೆಂಟು, ರಕ್ತನಾಳ ಕಟ್ಟಿಕೊಂಡವರ ತೊಡೆಯೊಳಗೆ ಕೂರುತ್ತದೆ. ಬಗ್ಗಿಸಿ ಬಿಟ್ಟರೆ ಮೊದಲಿನ ಆಕಾರಕ್ಕೆ ಮರಳುವುದೇ ಇದರ ಹೆಚ್ಚುಗಾರಿಕೆ. ಹೆಜ್ಜೆ ಇಟ್ಟಾಗಲೆಲ್ಲ ಬಗ್ಗಬೇಕು. ವರ್ಷಕ್ಕೆ ಹತ್ತು ಲಕ್ಷ ಸಲ, ಹತ್ತು ವರ್ಷಕ್ಕೆ ಕೋಟಿ.

"ನೋಡೋಕೆ ನೆಟ್ಟಗೇ ಇರುತ್ತೆ ರೀ, ಅದೇ ಮೋಸ," ಎನ್ನುತ್ತಾರೆ. "ಪ್ರತಿ ಸಲ ಒಂದು ಚೂರು ವಾಪಸ್ ಬರೋದಿಲ್ಲ. ಮೊದಲ ನೂರು ಸಲದಲ್ಲೇ ಅದು ಜಾಸ್ತಿ. ಆಮೇಲೆ ಪಳಗಿಬಿಡುತ್ತೆ, ಪಾಪ, ಸುಮ್ಮನೆ ದುಡೀತಿರುತ್ತೆ. ಒಳಗೆ ಎಲ್ಲೋ ಬಿರುಕು ಬೆಳೀತಿರುತ್ತೆ. ಒಂದು ದಿನ ಟಪ್."

ಹದಿನೇಳು ವರ್ಷ ಪಳಗಿದ ಕೈ ಒಮ್ಮೆ ತಪ್ಪಿತು. ಬಗ್ಗಿಸುವ ಪರೀಕ್ಷೆಗೆ ಮುಂಚೆ ತಂತಿಯನ್ನು ನೂರು ಸಲ ಎಳೆದು ಬಿಟ್ಟು ಪಳಗಿಸಿ, ಅಳತೆಯನ್ನು ಸೊನ್ನೆಗೆ ತಿರುಗಿಸುವುದು ಇಲ್ಲಿನ ರೂಢಿ. ಸೊನ್ನೆ ಒತ್ತುವ ಮುಂಚೆ ತಂತಿ ಎಷ್ಟು ಉದ್ದವಾಯಿತೆಂದು ಬರೆದಿಡಬೇಕು. ಮೂರು ವರ್ಷದ ಹಿಂದೆ ಒಂದು ಸುರುಳಿಯ ತಂತಿ ಮಿತಿ ಮೀರಿ ಉದ್ದವಾಗಿತ್ತು. ಅವಸರದಲ್ಲಿ ಅದನ್ನು ಬರೆಯದೆ ಸೊನ್ನೆ ಒತ್ತಿದರು, ಸಹಿ ಹಾಕಿದರು. ಕೆಲವು ತಿಂಗಳ ನಂತರ ಅವರ ಅಕ್ಕನ ಎಡಗಾಲಿಗೆ ವೈದ್ಯರು ಸ್ಟೆಂಟು ಹಾಕಿದರು. ಈಚೆಗೆ ಆಸ್ಪತ್ರೆಯ ಹಳೆಯ ಚೀಟಿಯಲ್ಲಿ ಅದೇ ಸುರುಳಿಯ ಸಂಖ್ಯೆ ತಂತಿಯಮ್ಮನ ಕಣ್ಣಿಗೆ ಬಿತ್ತು.

ಮರುದಿನವೇ ಮೇಲಿನವರ ಮುಂದೆ ತಪ್ಪೊಪ್ಪಿಕೊಂಡರು. ಸುರುಳಿಯ ಉಳಿದ ಮಾಲು ವಾಪಸ್ಸಾಯಿತು. ಆದರೆ ಮೈಯೊಳಗೆ ಸೇರಿದ್ದನ್ನು ಕೀಳಲಾಗದು. ಮುರಿದರೆ ನಾಳ ಮತ್ತೆ ಕಟ್ಟಿ ಕಾಲೇ ಹೋಗಬಹುದು ಎಂದಿದ್ದಾರೆ ವೈದ್ಯರು.

ಆ ಸುರುಳಿಯ ಮೂರು ತುಂಡು ಕೊಠಡಿಯಲ್ಲಿ ಉಳಿದಿದ್ದವು. ಮೊದಲನೆಯದು ಮೂವತ್ತೊಂದು ಲಕ್ಷಕ್ಕೆ ಮುರಿಯಿತು, ಎರಡನೆಯದು ಮೂವತ್ತಕ್ಕೆ. ಈಗ ಬಗ್ಗುತ್ತಿರುವುದು ಕೊನೆಯದು. ಅಕ್ಕನ ಕಾಲು ಆಗಲೇ ಇಪ್ಪತ್ತೈದು ಲಕ್ಷ ಮುಗಿಸಿದೆ.

"ಅಕ್ಕನಿಗೆ ಎಲ್ಲ ಹೇಳಿದೆ. ಬೈತಾಳೆ ಅಂದ್ಕೊಂಡಿದ್ದೆ, ಬೈಲಿಲ್ಲ. 'ಹಾಗಾದ್ರೆ ಎಷ್ಟು ನಡೀಲಿ, ನೀನೇ ಹೇಳು' ಅಂದ್ಳು." ತಂತಿಯಮ್ಮ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾರೆ. "ಮನೆ ಮೂರನೇ ಮಹಡೀಲಿ. ನಾನು ಕೆಲಸ ಮುಗಿಸಿ ಬರೋ ಹೊತ್ತಿಗೆ ಕೆಳಗಿಳಿದು ಗೇಟಿನ ಹತ್ರ ಕಾಯ್ತಿದ್ಳು. ಬೇಡ ಅಂತ ನಾನೇ ಆಣೆ ಹಾಕಿಸ್ಕೊಂಡೆ. ಈಗ ಕಿಟಕಿಯಿಂದ್ಲೇ ಕೈ ಬೀಸ್ತಾಳೆ."

ನಿಮಗೇನಾದರೂ ಆಸೆ ಇದೆಯೇ ಎಂದರೆ, ಯಂತ್ರದ ಎಣಿಕೆಯತ್ತ ತಿರುಗುತ್ತಾರೆ.

"ಒಂದೇ ಒಂದು ದಿನ ನನ್ನ ಮಾತು ಮೀರಿ ಗೇಟಿನ ಹತ್ರ ಬಂದು ನಿಂತಿರ್ಲಿ ಅನ್ಸುತ್ತೆ ರೀ."