ಕುಂಕುಮ ಇಟ್ಟ ಫ್ಲಾಪಿ

ಹೊಸಹಳ್ಳಿಯ ಸತ್ಯವತಿಗೆ ಟೈಪಿಂಗ್ ನೀರು ಕುಡಿದಷ್ಟು ಸಲೀಸು. ಏನು ಬಂತು? ೧೯೮೭ರ ಹೊತ್ತಿಗೆ ಕೆಲಸ ಕೇಳಿಕೊಂಡು ಹೋದಲ್ಲೆಲ್ಲ ಒಂದೇ ಪ್ರಶ್ನೆ: "ಕಂಪ್ಯೂಟರ್ ಬರತ್ತೇನಮ್ಮ?" ದೊಡ್ಡ ಇನ್‌ಸ್ಟಿಟ್ಯೂಟುಗಳ ಫೀಸು ಕೇಳಿದರೇ ತಲೆ ತಿರುಗುತ್ತಿತ್ತು. ಅಪ್ಪ ಚಿಕ್ಕಹನುಮಯ್ಯನವರ ಗಿರಣಿ ಕೆಲಸ ಹೋಗಿತ್ತು. ಇವಳಿಗೆ ಕೆಲಸ ಸಿಗದಿದ್ದರೆ ಮನೆ ನಡೆಯುವಂತಿರಲಿಲ್ಲ.

ಆಗ ಕೈಹಿಡಿದವರು ವಿಜಯನಗರದ ಟೈಪಿಂಗ್ ಮೇಷ್ಟ್ರು ಚನ್ನಮಲ್ಲಪ್ಪ. ಎಲ್ಲಿಂದಲೋ ಒಂದು ಹಳೆಯ ಕಂಪ್ಯೂಟರ್ ತಂದು, ಟೈಪಿಂಗ್ ಫೀಸಿಗೇ ಅದನ್ನೂ ಕಲಿಸತೊಡಗಿದರು. ಪುಣ್ಯಾತ್ಮ! ಒಬ್ಬೊಬ್ಬರಿಗೆ ದಿನಕ್ಕೆ ಅರ್ಧ ಗಂಟೆ. ಉಳಿದ ಹೊತ್ತು ಕಮಾಂಡುಗಳನ್ನು ಮಗ್ಗಿಯ ಹಾಗೆ ಬರೆದು ಬಾಯಿಪಾಠ ಮಾಡಬೇಕು. ಚಪ್ಪಲಿ ಹೊರಗೆ ಬಿಟ್ಟು, ಕೈ ತೊಳೆದು ಒಳಗೆ ಬರಬೇಕು; ಅವರವರ ಮನೆಯ ದೇವರಿಗೂ ಅಷ್ಟು ಮಡಿ ಇರಲಿಲ್ಲ. ಆ ಯಂತ್ರ ಶುರುವಾಗುತ್ತಿದ್ದದ್ದು ಇದ್ದ ಒಂದೇ ಒಂದು ಫ್ಲಾಪಿಯಿಂದ.

ಆಯುಧಪೂಜೆ ಬಂತು. ಟೈಪ್‌ರೈಟರುಗಳಿಗೆಲ್ಲ ಅರಿಶಿನ, ಕುಂಕುಮ, ಚೆಂಡುಹೂವು. ಇಷ್ಟೆಲ್ಲ ಕಲಿಸಿದ ಫ್ಲಾಪಿಗೆ ಇಲ್ಲವೆಂದರೆ ಹೇಗೆ? ಸತ್ಯವತಿ ಭಕ್ತಿಯಿಂದ ಅದನ್ನು ಕವರಿನಿಂದ ತೆಗೆದು, ಅದರ ಕಿಂಡಿಯಲ್ಲಿ ಮಿರಮಿರ ಮಿಂಚುವ ಕಪ್ಪು ತಟ್ಟೆಯ ಮೇಲೇ ಒದ್ದೆ ಕುಂಕುಮದ ಬೊಟ್ಟಿಟ್ಟಳು.

ಹಬ್ಬ ಮುಗಿಸಿ ಬಂದರೆ ಕಂಪ್ಯೂಟರ್ ಕರಕರ ಅಂದು ಸುಮ್ಮನಾಯಿತು. ಮೇಷ್ಟ್ರು ಫ್ಲಾಪಿ ತೆಗೆದು ನೋಡಿದರು. ಕೆಂಪಗಿತ್ತು. ಮುಂದಿನ ಸೋಮವಾರವೇ ರಾಜಾಜಿನಗರದ ಒಂದು ಫ್ಯಾಕ್ಟರಿಯಲ್ಲಿ ಅವರಿಗೆಲ್ಲ ಕಂಪ್ಯೂಟರ್ ಕೆಲಸಕ್ಕೆ ಪರೀಕ್ಷೆ. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ನಾನೇ ಸಾರ್ ಇಟ್ಟಿದ್ದು," ಎಂದಳು ಸತ್ಯವತಿ.

ಮೇಷ್ಟ್ರು ಎಲ್ಲರನ್ನೂ ಹೊರಗೆ ಕಳಿಸಿ, ಬಾಗಿಲಿಗೆ ಬೀಗ ಹಾಕಿ ಹೊರಟುಬಿಟ್ಟರು. ಇನ್ನು ಆ ಮೆಟ್ಟಿಲು ಹತ್ತುವ ಮುಖ ತನಗಿಲ್ಲವೆಂದು ಅವಳು ದಾರಿಯುದ್ದಕ್ಕೂ ಅತ್ತಳು. ಮರುದಿನ ಅಪ್ಪನೇ ಗದರಿಸಿ ಕಳಿಸಿದರು: "ತಪ್ಪು ಒಪ್ಕೊಂಡ್ಮೇಲೆ ಹೆದರೋದೇನು? ನಡಿ."

ಮೇಷ್ಟ್ರು ಎರಡು ಬಸ್ಸು ಬದಲಿಸಿ, ಯಂತ್ರ ಮಾರಿದವನ ಹತ್ತಿರ ಹೋಗಿ, ಹೊಸ ಫ್ಲಾಪಿ ತಂದಿದ್ದರು. ಧೂಳು ತಾಗದಿರಲೆಂದು ಚಪಾತಿ ಡಬ್ಬಿಯಲ್ಲಿಟ್ಟು!

"ತಿಂಡಿ ಆಯ್ತೇನಮ್ಮ?" ಎಂದರು. ಅವಳು ಹೌದೆಂದು ತಲೆಯಾಡಿಸಿದಳು.

"ಕೂತ್ಕೊ. ಇವತ್ತು ಮೊದ್ಲು ಇದರ ಕಾಪಿ ಮಾಡೋದು ಕಲಿ. ನಾನು ಆಗ್ಲೇ ಒಂದು ಮಾಡಿಟ್ಟಿದ್ರೆ ನೀನು ಅಳೋ ಹಂಗೇ ಇರ್ತಿರ್ಲಿಲ್ಲ. ತಪ್ಪು ನಂದೂ ಇದೆ."

ಸೋಮವಾರದ ಪರೀಕ್ಷೆಯಲ್ಲಿ ಮಿಕ್ಕವರು ಪತ್ರ ಟೈಪ್ ಮಾಡಿ ಎದ್ದರು. ಸತ್ಯವತಿ ಇನ್ನೊಂದು ಫ್ಲಾಪಿ ಕೇಳಿ, ತನ್ನ ಪತ್ರವನ್ನು ಅದಕ್ಕೂ ಕಾಪಿ ಮಾಡಿಟ್ಟಳು. ಮ್ಯಾನೇಜರ್ ಗೋಪೀನಾಥರಿಗೆ ಸೋಜಿಗ: "ಎರಡ್ಯಾಕಮ್ಮ?"

"ಒಂದೇ ಇದ್ರೆ ಭಯ ಸಾರ್. ಯಾರಾದ್ರೂ ಪೂಜೆ ಮಾಡ್ಬಿಟ್ರೆ?"

ಗೋಪೀನಾಥರು ನಕ್ಕು, ಇಡೀ ಕಥೆ ಹೇಳಿಸಿಕೊಂಡರು. ಕೆಲಸ ಅವಳದಾಯಿತು.

ಮೊದಲ ಸಂಬಳದ ದಿನ ಅಪ್ಪನ ಜೊತೆ ಆಂಜನೇಯನ ಗುಡಿಗೆ ಹೋದಳು. ಯಾರ ಹೆಸರಿಗೆ ಅರ್ಚನೆ ಎಂದು ಅರ್ಚಕರು ಕೇಳಿದಾಗ ಅಪ್ಪ ಮಗಳ ಹೆಸರು ಹೇಳಹೊರಟರು. ಅಷ್ಟರಲ್ಲಿ ಅವಳೇ ಅಂದಳು, "ಚನ್ನಮಲ್ಲಪ್ಪ."

"ಗೋತ್ರ, ನಕ್ಷತ್ರ?"

"ಗೊತ್ತಿಲ್ಲ ಸ್ವಾಮಿ, ನಾನು ಕೇಳ್ಲಿಲ್ಲ," ಎಂದಳು. "ಅವ್ರೂ ನನ್ನ ಏನೂ ಕೇಳ್ಲಿಲ್ಲ. ತಿಂಡಿ ಆಯ್ತಾ ಅಂದ್ರು, ಅಷ್ಟೇ."