ಈರುಳ್ಳಿ ಅಂಗಡಿಯಲ್ಲಿ ಕುದುರಿದ ಸಂಬಳ

“ಸಾಹೇಬ್ರೆ, ಹುಡುಗಿ ಬತ್ತದೆ. ಆದ್ರೆ ಇದು ಬೋಣಿ ರೇಟು ಅಂತ ನೆನ್ಪಿರ್ಲಿ!”

ಕುಮಟಾದ ಹೆದ್ದಾರಿ ಬದಿಯಲ್ಲಿ ಈರುಳ್ಳಿ ಗೊಂಚಲು ಮಾರುವಾಕೆ ಬಸ್ಸಿಗೆ ಕಾಯುತ್ತಿದ್ದ ನನ್ನ ಫೋನಿನತ್ತ ಬಾಗಿ ಹೀಗೆ ಕೂಗಿದಳು. ಆ ಕಡೆ ಇದ್ದವರು ಮಂಗಳೂರಿನ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯ ಮ್ಯಾನೇಜರ್. ಅವರು ಕೊಡುತ್ತೇನೆಂದ ಸಂಬಳ ಅಲ್ಲಿನ ಪಿಜಿ ಬಾಡಿಗೆಗೆ, ಊಟಕ್ಕೆ ಸರಿಹೋಗುವಷ್ಟೇ. ಒಪ್ಪಲೋ ಬಿಡಲೋ ತಿಳಿಯದೆ ಒಂದು ವಾರ ತಳ್ಳಿದ್ದೆ. ಅಂದು ಉತ್ತರಿಸಲು ಕೊನೆಯ ದಿನ. “ಇಷ್ಟೇ ಕೊಡೋಕಾಗೋದು, ಬರ್ತೀರಾ?” ಎಂದು ಅವರು ಕೇಳಿದಾಗ ನಾನು ಎದುರಿಗಿದ್ದ ಈರುಳ್ಳಿ ಗೊಂಚಲಿನ ಸಿಪ್ಪೆ ಬಿಡಿಸುತ್ತಿದ್ದೆ. ಲಾರಿಗಳ ಸದ್ದಿಗೆಂದು ಸ್ಪೀಕರ್ ಹಾಕಿದ್ದೇ ನನ್ನ ತಪ್ಪು.

“ಯಾರು ಮಾತಾಡ್ತಿರೋದು?” ಎಂದರು ಮ್ಯಾನೇಜರ್.

“ಈರುಳ್ಳಿ ಮಾರುವವ್ಳು. ದಿನದ ಮೊದಲ್ನೇ ಗಿರಾಕಿಗೆ ನಾನೂ ಕಡ್ಮೆಗೆ ಕೊಡ್ತೆ. ಹಾಂಗಂತ ಸಂಜೆ ತನ್ಕ ಅದೇ ರೇಟಿಗೆ ಕೊಡುಕಾಗ್ತದ್ಯಾ? ಆರು ತಿಂಗ್ಳಿಗೆ ಸಂಬಳ ಹೆಚ್ಚು ಮಾಡ್ತೆ ಅಂತ ಬರ್ದು ಕೊಡಿ. ಆತಾ?”

ಆ ಕಡೆಯಿಂದ ಜೋರು ನಗು. “ಆಯ್ತಮ್ಮ, ಬರೆದೇ ಕಳಿಸ್ತೇನೆ.”

ಫೋನ್ ಇಟ್ಟ ಮೇಲೆ ಆಕೆ ನನ್ನತ್ತ ತಿರುಗಿದಳು. “ಎಂತ ತಂಗಿ, ಇಷ್ಟು ಓದಿ ಬಾಯಿಬಿಟ್ಟು ಕೇಳುಕೆ ಬರುದಿಲ್ವಾ?”

ಬಸ್ಸು ಹತ್ತುವಷ್ಟರಲ್ಲಿ ಮೇಲ್ ಬಂದಿತ್ತು, ಆರು ತಿಂಗಳ ಮಾತೂ ಅದರಲ್ಲಿತ್ತು. ನಿಂತಲ್ಲೇ ಒಪ್ಪಿಗೆ ಕಳಿಸಿದೆ. ಅಪರಿಚಿತರೊಂದಿಗೆ ಎರಡು ಮಾತೂ ಆಡದ ನಾನು, “ಎಲ್ಲಿಗೆ?” ಎಂದ ಕಂಡಕ್ಟರ್‌ಗೆ ಹಳದೀಪುರ ಎನ್ನುವ ಬದಲು, “ನಂಗೆ ಕೆಲಸ ಸಿಕ್ತು!” ಎಂದುಬಿಟ್ಟೆ.